ಚದರಕ್ಕಿಷ್ಟು

ಅಲಿಯಾಗಾದ ಕಡಲಂಚಿಗೆ ಬಂದರೆ ಕಾಣುತ್ತವಲ್ಲ,
ಕಾಲು ಮೂಡಿದ ಬಿಳಿ ಗುಂಡುಗಳು, ಗ್ಯಾಸು ತುಂಬುವ ತೊಟ್ಟಿಗಳು,
ಅವಕ್ಕೆ ಬಣ್ಣ ಬಳಿಯುವವನು ನಾನು, ನೆಜಾತಿ.
ಮೂವತ್ತೊಂದು ವರ್ಷ ಹಗ್ಗಕ್ಕೆ ಜೋತುಬಿದ್ದು
ನೆಟ್ಟಗಿನ ಗೋಡೆಯೊಂದನ್ನೂ ಕಂಡವನಲ್ಲ.
ಗುಂಡಿಗೆ ಮೂಲೆಯಿಲ್ಲ. ಎಲ್ಲಿ ಶುರುಮಾಡಿದರೂ
ಅಲ್ಲಿಗೇ ಬಂದು ಮುಗಿಸಬೇಕು;
ಹೊಟ್ಟೆಯಡಿಗೆ ಹೋದಾಗ ಮಾತ್ರ
ಬಳಿದ ಬಣ್ಣ ಬಳಿದವನ ಕಣ್ಣಿಗೇ ತೊಟ್ಟಿಕ್ಕುತ್ತದೆ.

ಈ ಸಲ ಹುಲೂಸಿ ಬೇ ಹೊಸದೊಂದು ಕಟ್ಟಿಸಿದ.
ಹಳೆಯದರ ಅಡ್ಡಗಲ ಹತ್ತು ಮೀಟರು, ಇದರದು ಇಪ್ಪತ್ತು.
"ಎರಡರಷ್ಟಿದೆ ನೆಜಾತಿ, ಎರಡರಷ್ಟು ಬಣ್ಣ ತರಿಸು" ಅಂದ.
ನಕ್ಕೆ. ಡಬ್ಬ ಹೊತ್ತ ಹೆಗಲಿಗೆ ಗೊತ್ತು,
ಎರಡಲ್ಲ, ನಾಲ್ಕು.
ಉದ್ದಕ್ಕೆ ಎರಡು, ಅಗಲಕ್ಕೆ ಎರಡು,
ಮೈ ಹಿಗ್ಗುವುದು ಎರಡೂ ಕಡೆಗೆ.
ನಾಲ್ಕರಷ್ಟು ಡಬ್ಬ, ನಾಲ್ಕರಷ್ಟು ಕೂಲಿ,
ಚದರಕ್ಕಿಷ್ಟು ಎಂದು. ತಕರಾರಿಲ್ಲದೆ ಕೈಕುಲುಕಿದ.
ಗೆದ್ದೆನೆಂದು ಒಂದು ಕಿಲೋ ಕೈಮಾ ಕಟ್ಟಿಸಿಕೊಂಡು ಮನೆಗೆ ಬಂದೆ.

ಮುನೆವ್ವೆರ್ ಮುಷ್ಟಿಗಾತ್ರದ ಉಂಡೆ ಕಟ್ಟಿ
ಹಿಟ್ಟಿನಲ್ಲಿ ಹೊರಳಿಸುವ ಹೊತ್ತಿಗೆ
ತಮ್ಮನ ಮಕ್ಕಳು ಐದೂ ಒಳಗೆ ನುಗ್ಗಿದವು.
ಒಂದೊಂದನ್ನೂ ಮುರಿದು ಎಂಟೆಂಟು ಮಾಡಿದಳು.
ಹಿಟ್ಟು ಸಾಲದೆ ಬಂತು.
"ಮಾಂಸ ಚಿಟಿಕೆಯೂ ಹೆಚ್ಚಲಿಲ್ಲ,
ಹಿಟ್ಟು ಮಾತ್ರ ಎರಡರಷ್ಟು! ಎಲ್ಲಿ ಹೋಯಿತು?"
"ಹೊರಗೆ ಹೋಯಿತಮ್ಮ" ಅಂದಳು ಯೆಲ್ದಾ,
ಪುಸ್ತಕದಿಂದ ತಲೆಯೆತ್ತದೆ.
"ಚಿಕ್ಕದಕ್ಕೆ ಮೈ ಹೆಚ್ಚು, ಹೊಟ್ಟೆ ಕಮ್ಮಿ.
ಅದಕ್ಕೇ ಬೇಗ ಬೇಯುತ್ತೆ, ಬೇಗ ಆರುತ್ತೆ.
ದೊಡ್ಡದಕ್ಕೆ ಇದೇ ಲೆಕ್ಕ ತಿರುವುಮುರುವು.
ಅಪ್ಪ, ನಿನ್ನ ಹೊಸ ಗುಂಡು ಎಷ್ಟು ಗ್ಯಾಸು ಹಿಡಿಯುತ್ತೆ, ಹೇಳು."
"ನಾಲ್ಕರಷ್ಟು."
"ಎಂಟು."

ಉದ್ದ, ಅಗಲ, ಮತ್ತೆ
ಆಳ.
ಆಳವನ್ನು ಮರೆತಿದ್ದೆ.
ಹೊರಗೇ ನೇತಾಡುವವನಿಗೆ ಅದು ಕಾಣುವುದಾದರೂ ಹೇಗೆ?

ರಾತ್ರಿ ಮಗ್ಗುಲು ಬದಲಿಸುತ್ತ ಎಣಿಸಿದೆ:
ಮೂರರಷ್ಟು ದೊಡ್ಡದು ಕಟ್ಟಿಸಿದರೆ ನನಗೆ ಒಂಬತ್ತು,
ಅವನಿಗೆ ಇಪ್ಪತ್ತೇಳು.
ನಾನು ವರ್ಗದವನು, ಅವನು ಘನವಂತ.
ಗುಂಡು ಬೆಳೆದಂತೆ ಇಬ್ಬರೂ ಬೆಳೆಯುತ್ತೇವೆ, ಸುಳ್ಳಲ್ಲ,
ನಡುವಿನ ದಾರಿಯೂ ಬೆಳೆಯುತ್ತದೆ.
ಯಾರೂ ಮೋಸ ಮಾಡಲಿಲ್ಲ, ಅದೇ ಹೊಟ್ಟೆಯುರಿ.
ಬೈಯೋಣವೆಂದರೆ
ದುಂಡಗಿರುವುದನ್ನು ಬೈಯಬೇಕು.

ಮರುವಾರ ಹಳೆಯ ಗುಂಡನ್ನು ಕೆರೆಯುತ್ತಿದ್ದೆ.
ಇಂಬಾತ್ ಬೀಸುತ್ತಿತ್ತು, ತುಟಿಯೆಲ್ಲ ಉಪ್ಪು.
ಉಳಿಯ ಮೊನೆಗೆ ಎದ್ದ ಚಕ್ಕೆಯೊಂದು ಅಂಗೈಗೆ ಬಿತ್ತು,
ಮಸೂರ ಬೇಳೆಯಷ್ಟು ದಪ್ಪ.
ಅಂಚು ನೋಡಿದೆ: ಬಿಳಿ, ಬೂದು, ಬಿಳಿ, ಬೂದು, ಮತ್ತೆ ಬಿಳಿ,
ಮಗಳು ಹುಟ್ಟಿದ ವರ್ಷದ ಕೆನೆ,
ಎಲ್ಲಕ್ಕೂ ತಳದಲ್ಲಿ
ನನಗೆ ಗಂಟು ಕಟ್ಟಲು ಕಲಿಸಿದ ಸೋದರಮಾವನ ಹಸಿರು.
ಬೀಡಿ ಸುಟ್ಟಷ್ಟು ಹೊತ್ತು ಅದನ್ನೇ ನೋಡುತ್ತ ತೂಗಾಡಿದೆ.

ಯೆಲ್ದಾ ದೀಪದಡಿ ಅದನ್ನು ತಿರುಗಿಸಿ ನೋಡಿದಳು.
"ಮೈಗೆ ಒಂದಿಷ್ಟು ದಪ್ಪ ಬಂದರೆ ಅದೇ ಒಡಲು ಅಪ್ಪ.
ಅಮ್ಮ ಹೆಚ್ಚುತ್ತಿರುವ ಈರುಳ್ಳಿ ನೋಡು,
ಸಿಪ್ಪೆ, ಸಿಪ್ಪೆಯೊಳಗೆ ಸಿಪ್ಪೆ,
ಅಷ್ಟು ಬಿಟ್ಟು ಒಳಗೆ ಬೇರೇನಿದೆ?
ನೀನು ಬಳಿದಾಗಲೆಲ್ಲ ಆ ಗುಂಡು
ಒಂದು ಕೂದಲೆಳೆ ದೊಡ್ಡದಾಗಿದೆ."
ಮುನೆವ್ವೆರ್ ಕಣ್ಣೊರೆಸಿಕೊಂಡಳು. ಈರುಳ್ಳಿಗೆ.

ಇವತ್ತು ಇಪ್ಪತ್ತು ಮೀಟರಿನ ನೆತ್ತಿಯ ಮೇಲಿದ್ದೇನೆ.
ಇಲ್ಲಿಂದ ಹುಲೂಸಿ ಬೇ ಒಂದು ಚುಕ್ಕೆ,
ಅಲ್ಲಿಂದ ನಾನೂ ಅಷ್ಟೇ ಇರಬೇಕು.
ಕೈಯನ್ನು ಬಾಯಿಗೆ ಅಡ್ಡ ಹಿಡಿದು ಕೂಗುತ್ತಿದ್ದಾನೆ,
"ಮುಗಿಯಿತಾ? ಇನ್ನೊಂದು ಕೈ ಬೇಕಾ?"

ಬೇಕು, ಅಂದೆ.